600 ವಿಎ ಅಂದ್ರೆ 600 ವ್ಯಾಟ್ ಅಲ್ಲ: ಅಂಗಡಿಗೆ ಪವರ್ ಬ್ಯಾಕಪ್ ಆರಿಸಿದ ನನ್ನ ಅನುಭವ

ಗೋವಾದ ವಾಸ್ಕೋದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಪಾಸ್‌ಪೋರ್ಟ್ ಫೋಟೋ, ಪ್ರಿಂಟ್, ಲಗ್ನಪತ್ರಿಕೆ ಡಿಸೈನ್. ಗಿರಾಕಿಗಳಲ್ಲಿ ಜಾಸ್ತಿ ಜನ ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟ್ ನೆಚ್ಚಿಕೊಳ್ಳೋಕಾಗಲ್ಲ. ಒಮ್ಮೆ ಅರ್ಧ ದಿನ ಕೂತು ಮಾಡಿದ ಲಗ್ನಪತ್ರಿಕೆ ಸೇವ್ ಆಗದೆ ಹೋಯಿತು. ಮರುದಿನವೇ 600 ವಿಎ ಯುಪಿಎಸ್ (ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಪೆಟ್ಟಿಗೆ) ತಂದೆ.

ಮುಂದಿನ ಸಲ ಕರೆಂಟ್ ಹೋದಾಗ ಧೈರ್ಯವಾಗಿ ಲೇಸರ್ ಪ್ರಿಂಟರ್‌ಗೆ ಒಂದು ಹಾಳೆ ಕೊಟ್ಟೆ. ಯುಪಿಎಸ್ ಕುಯ್ಯೋ ಅಂತ ಕೂಗಿ ಎಲ್ಲವೂ ಆಫ್.

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬ, ರಾಣೆಬೆನ್ನೂರಿನ ಹುಡುಗ, ಬಂದು ಯುಪಿಎಸ್ ತಿರುಗಿಸಿ ಹಿಂದಿನ ಸ್ಟಿಕ್ಕರ್ ತೋರಿಸಿದ. "ಅಣ್ಣಾ, 600 ವಿಎ ಅಂತ ದೊಡ್ಡದಾಗಿ ಬರದಾರ. ಕೆಳಗ ನೋಡ್ರಿ, 360 ವ್ಯಾಟ್. ನಿಮಗ ಸಿಗೋದು ಅಷ್ಟ. ವಿಎ ಅಂದ್ರ ವೋಲ್ಟ್ ಆಂಪಿಯರ್ ಗುಣಿಸಿದ ಲೆಕ್ಕ, ಸಾಮಾನು ನಡೆಸೋ ಪವರ್ ವ್ಯಾಟ್."

ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ಒಂದನ್ನೂ ಅವನೇ ಕೊಟ್ಟ. ಒಂದೊಂದನ್ನೇ ಅಳೆದೆ. ಫೋಟೋ ಕೆಲಸ ಮಾಡುವಾಗ ಕಂಪ್ಯೂಟರ್ 135 ವ್ಯಾಟ್, ಮಾನಿಟರ್ 22, ರೂಟರ್ 8, ಇಂಕ್‌ಜೆಟ್ 25. ಒಟ್ಟು 190. ಲೇಸರ್ ಪ್ರಿಂಟರ್ ಸುಮ್ನೆ ಇದ್ದಾಗ 5 ವ್ಯಾಟ್, ಪ್ರಿಂಟ್ ಕೊಟ್ಟ ಕೂಡಲೇ 900 ದಾಟಿತು. ಒಳಗಿನ ರೋಲರ್ ಬಿಸಿಯಾಗಬೇಕಲ್ವಾ, ಅದಕ್ಕೆ.

ಅಂದರೆ ಲೇಸರ್ ತೆಗೆದರೆ 600 ವಿಎ ಸಾಕು. ಆದರೂ 11 ನಿಮಿಷಕ್ಕೆ ಬ್ಯಾಟರಿ ಮುಗಿಯುತ್ತಿತ್ತು. ಇಲ್ಲೇ ನನಗೆ ವಿಷಯ ಹೊಳೆದದ್ದು. ಹಮಾಲಿ ಎಷ್ಟು ಭಾರ ಎತ್ತುತ್ತಾನೆ ಅನ್ನೋದು ಒಂದು, ಎಷ್ಟು ದೂರ ಹೊರುತ್ತಾನೆ ಅನ್ನೋದು ಇನ್ನೊಂದು. ವ್ಯಾಟ್ ಭಾರದ ಲೆಕ್ಕ. ದೂರದ ಲೆಕ್ಕ ಬ್ಯಾಟರಿಯದ್ದು. ಒಳಗಿದ್ದದ್ದು 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಗುಣಿಸಿದರೆ 84 ವ್ಯಾಟ್-ಅವರ್, ಅಂದರೆ 84 ವ್ಯಾಟನ್ನು ಒಂದು ಗಂಟೆ ನಡೆಸುವಷ್ಟು. ಕಾಗದದ ಮೇಲೆ 26 ನಿಮಿಷ ಬರಬೇಕು. ಆದರೆ ಆ 7 ಎಎಚ್ ಅನ್ನೋದು 20 ಗಂಟೆ ನಿಧಾನವಾಗಿ ಖರ್ಚು ಮಾಡಿದಾಗಿನ ಮಾತು. ಗಬಗಬ ಎಳೆದರೆ ಅಷ್ಟು ಕೊಡಲ್ಲ.

ನನಗೆ ಬೇಕಿದ್ದದ್ದು 2 ಗಂಟೆ. 190ರ ಎರಡು ಪಟ್ಟು 380 ವ್ಯಾಟ್-ಅವರ್. ಇನ್ವರ್ಟರ್‌ನಲ್ಲಿ ಐದರಲ್ಲೊಂದು ಪಾಲು ಸೋರಿಹೋಗುತ್ತೆ ಅಂತ ಹಿಡಿದು 475. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತೆ, ಹಾಗಾಗಿ ಅರ್ಧ ಮಾತ್ರ ಬಳಸೋಣ ಅಂತ 950. ಅದನ್ನು 12ರಿಂದ ಭಾಗಿಸಿದರೆ ಸುಮಾರು 80 ಎಎಚ್. 100 ಎಎಚ್ ಟ್ಯೂಬುಲರ್ (ಇನ್ವರ್ಟರ್‌ಗೆ ಬಳಸುವ ಲೆಡ್ ಆಸಿಡ್) ಬ್ಯಾಟರಿ ತಂದೆ, ಜೊತೆಗೆ 900 ವಿಎ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂಥದ್ದೇ ನಯವಾದ ಕರೆಂಟ್ ಕೊಡುವ) ಇನ್ವರ್ಟರ್. ಇನ್ನೊಂದು ಕಂಪ್ಯೂಟರ್ ಇಟ್ಟರೂ ಭಾರ ಎತ್ತುತ್ತೆ.

ಮೊದಲ ವಾರ ಕರೆಂಟ್ ಹೋದಾಗೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಇನ್ವರ್ಟರ್ ಹಿಂಬದಿಯ ಚಿಕ್ಕ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ (ಬ್ಯಾಟರಿಗೆ ಥಟ್ಟನೆ ಬದಲಾಗುವ ಸೆಟ್ಟಿಂಗ್) ಹಾಕಿರಲಿಲ್ಲ. ಹಾಕಿದ ಮೇಲೆ ಸರಿಹೋಯಿತು.

ಲೇಸರ್ ಈಗಲೂ ಗೋಡೆಯ ಪ್ಲಗ್‌ನಲ್ಲೇ ಇದೆ. ಕರೆಂಟ್ ಇಲ್ಲದಾಗ ಇಂಕ್‌ಜೆಟ್‌ನಲ್ಲೇ ಪ್ರಿಂಟ್ ಕೊಡುತ್ತೇನೆ. ತಿಂಗಳಿಗೊಮ್ಮೆ ಬ್ಯಾಟರಿಯ ಲೆವೆಲ್ ಕಡ್ಡಿಗಳನ್ನು ನೋಡುತ್ತೇನೆ, ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ನಲ್ಲಿ ನೀರು ಮಾತ್ರ ಹಾಕಬೇಡಿ, ಅದರಲ್ಲಿರೋ ಲವಣದಿಂದ ಪ್ಲೇಟ್ ಹಾಳಾಗುತ್ತೆ.