ಚಾಟ್ ಮೇಲೇ ನಿಂತ ಸಿನಿಮಾ: ನನ್ನ ಅನುಭವ

"ನಗಿಸೋದಾದ್ರೆ ನಗಿಸು, ಹೆದರಿಸೋದಾದ್ರೆ ಹೆದರಿಸು. ಎರಡು ದೋಣಿ ಮೇಲೆ ಕಾಲಿಡಬೇಡ." ಕಥೆ ಕೇಳಿದವರೆಲ್ಲ ಇದನ್ನೇ ಹೇಳಿದ್ದರು. ಅರ್ಧ ಸಿನಿಮಾ ಮೊಬೈಲ್ ಚಾಟಿನಲ್ಲೇ ನಡೆಯುತ್ತದೆ ಅಂದಾಗ ನಿರ್ಮಾಪಕರು ಆಕಳಿಸಿದ್ದೂ ಉಂಟು. ಈಗ ಹಾಕಿದ ದುಡ್ಡು ವಾಪಸ್ ಬಂದು ಮೇಲೆ ಸ್ವಲ್ಪ ಉಳಿದಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಥೆ ನಿಮಗೆ ಗೊತ್ತಿರೋದೇ. ಆನ್‌ಲೈನ್‌ನಲ್ಲಿ ಒಬ್ಬಳು ಸಿಗುತ್ತಾಳೆ. ವಿಡಿಯೊ ಕಾಲ್ ಅಂದರೆ ಕ್ಯಾಮೆರಾ ಕೆಟ್ಟಿದೆ. ಭೇಟಿಯ ಹಿಂದಿನ ದಿನ ಏನೋ ಅನಾಹುತ, ಅರ್ಜೆಂಟಾಗಿ ದುಡ್ಡು ಬೇಕು. ಆ ಪ್ರೊಫೈಲ್ ಹಿಂದೆ ಇರೋದು ಬೇರೆಯವನು ಅನ್ನೋದನ್ನು ಅರ್ಧ ಸಿನಿಮಾದವರೆಗೆ ಬಚ್ಚಿಟ್ಟಿದ್ದೆವು. ರಫ್ ಕಟ್, ಅಂದರೆ ಮೊದಲ ಕಚ್ಚಾ ಎಡಿಟ್, ತೋರಿಸಿದರೆ ಹತ್ತನೇ ನಿಮಿಷಕ್ಕೇ "ಇದು ಫೇಕ್" ಅಂದುಬಿಟ್ಟರು. ಎಡಿಟಿಂಗ್ ಟೇಬಲ್ ಮೇಲೆ ಆ ಸೀನನ್ನು ಸುಮಾರು ಇಪ್ಪತ್ತನೇ ನಿಮಿಷಕ್ಕೆ ಎಳೆದು ತಂದೆ. ಈಗ ನೋಡುವವರಿಗೆ ಎಲ್ಲ ಗೊತ್ತು, ನಾಯಕನಿಗೆ ಮಾತ್ರ ಗೊತ್ತಿಲ್ಲ. ಅವನು "ನಿದ್ದೆ ಬಂತಾ ಚಿನ್ನ" ಅಂದರೆ ನಗು. "ಅಕೌಂಟ್ ನಂಬರ್ ಕಳಿಸು" ಅಂದರೂ ನಗು, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿಂದ ಥ್ರಿಲ್ಲರ್ ಶುರು. ಐದು ಜನರನ್ನು ಒಟ್ಟಿಗೆ ಪ್ರೀತಿಸುತ್ತಿರುವ ವಂಚಕ ಒಬ್ಬನ ಹೆಸರನ್ನು ಇನ್ನೊಬ್ಬನಿಗೆ ಕಳಿಸಿ, ಡಿಲೀಟ್ ಮಾಡುವಷ್ಟರಲ್ಲಿ ನೀಲಿ ಟಿಕ್ ಬೀಳುವ ಸೀನಿಗೆ ಬಿದ್ದಷ್ಟು ಶಿಳ್ಳೆ ಫೈಟಿಗೂ ಬೀಳಲಿಲ್ಲ.

ದುಡ್ಡು ಸೋರಿದ್ದು ಮೊಬೈಲ್ ಪರದೆಯಲ್ಲಿ. ಮೊದಲು ಎಲ್ಲರಂತೆ ಪರದೆ ಮೇಲೆ ಹಸಿರು ಹಾಕಿ ಶೂಟ್ ಮಾಡಿದೆವು, ಆಮೇಲೆ ಗ್ರಾಫಿಕ್ಸ್‌ನಲ್ಲಿ ಆ ಹಸಿರು ಜಾಗಕ್ಕೆ ಚಾಟ್ ಕೂರಿಸೋದು. ಹೆಬ್ಬೆರಳು ಪರದೆ ಮೇಲೆ ಓಡಾಡುತ್ತದೆ ಅಲ್ವಾ, ಅದನ್ನು ಫ್ರೇಮ್ ಫ್ರೇಮ್ ಬಿಡಿಸಬೇಕು. ಹತ್ತು ಸೆಕೆಂಡಿಗೆ 240 ಫ್ರೇಮು. ಆ ಹಸಿರಿನ ಛಾಯೆ ಉಗುರಿಗೂ ಮೂಗಿಗೂ ಬಡಿದದ್ದು ಬೇರೆ. ಹದಿನೈದೋ ಹದಿನಾರೋ ಶಾಟಿಗೆ ಬಜೆಟ್ಟಿನ ಕಾಲು ಭಾಗದಷ್ಟು ಹೋಯಿತು, ನೋಡಿದರೆ ಅಂಟಿಸಿದ ಹಾಗೇ ಕಾಣುತ್ತಿತ್ತು.

ಅದನ್ನು ಬಿಟ್ಟು ನಿಜವಾದ ಪರದೆಯನ್ನೇ ಹಿಡಿದೆ. "ಫ್ಲಿಕರ್ ಬರತ್ತೆ, ಪರದೆ ಮಿನುಗತ್ತೆ" ಅಂತ ಕ್ಯಾಮೆರಾಮನ್ ಜಗಳ. ನಮ್ಮದು ಓಎಲ್‌ಇಡಿ ಫೋನು, ಬ್ರೈಟ್‌ನೆಸ್ ಇಳಿಸಿದರೆ ಪಟ್ಟೆ ಓಡುತ್ತವೆ. ಪೂರ್ತಿ ಏರಿಸಿ, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಅನ್ನು ಪರದೆಗೆ ಹೊಂದಿಸಿದ ಮೇಲೆ ಮಾಯ. ಮುಖಕ್ಕೆ ಆ ಬೆಳಕು ಸಾಲಲ್ಲ. ಫೋನಿನ ಅಂಚಿಗೆ ಸಣ್ಣ ಎಲ್‌ಇಡಿ ಪ್ಯಾನೆಲ್ ಅನ್ನು ಮುಖದ ಕಡೆ ತಿರುಗಿಸಿ ಅಂಟಿಸಿ, ಬೆಳಕು ಮೃದುವಾಗಲಿ ಅಂತ ಮೇಲೊಂದು ಡಿಫ್ಯೂಷನ್ ಹಾಳೆ. ಫೋನ್ ಪರದೆಯನ್ನಷ್ಟೇ ಹತ್ತಿರದಿಂದ ತೋರಿಸುವ ಇನ್ಸರ್ಟ್ ಶಾಟುಗಳಿಗೆ ಒಂದು ಡಮ್ಮಿ ಆ್ಯಪ್ ಮಾಡಿಸಿದೆವು. ಯಾವ ಅಕ್ಷರ ಒತ್ತಿದರೂ ಸ್ಕ್ರಿಪ್ಟಿನ ಸಾಲೇ ಟೈಪ್ ಆಗುತ್ತದೆ. ಗಡಿಯಾರ, ಬ್ಯಾಟರಿ, ನೆಟ್‌ವರ್ಕ್ ಎಲ್ಲ ಅದರಲ್ಲೇ ಫಿಕ್ಸ್. ಇಲ್ಲದಿದ್ದರೆ ಒಂದು ಶಾಟಲ್ಲಿ 18% ಇದ್ದ ಬ್ಯಾಟರಿ ಮುಂದಿನ ಶಾಟಲ್ಲಿ 70% ಆಗುತ್ತದೆ. ಶಾಟಿಂದ ಶಾಟಿಗೆ ಬಟ್ಟೆ ಬದಲಾಗದಂತೆ ಕಂಟಿನ್ಯುಟಿ ನೋಡುವವರು ಇದನ್ನು ನೋಡಲ್ಲ. ಆ್ಯಪ್ ಖರ್ಚು ಗ್ರಾಫಿಕ್ಸ್‌ನ ಹತ್ತನೇ ಒಂದು ಭಾಗವೂ ಇರಲಿಲ್ಲ.

ಮುಖದ ಶಾಟುಗಳಿಗೆ ಮಾತ್ರ ಡಮ್ಮಿ ಬೇಡ ಅಂದೆ. ಪಕ್ಕದ ರೂಮಿನಿಂದ ವಂಚಕನ ಪಾತ್ರಧಾರಿ ನಿಜವಾಗಿ ಮೆಸೇಜ್ ಕಳಿಸುತ್ತಿದ್ದ. ಏನು ಬರುತ್ತೆ ಅಂತ ನಾಯಕನಿಗೆ ಗೊತ್ತಿಲ್ಲ. ಆಟೋ ಕರೆಕ್ಟ್ ಮಾಡಿದ ಎಡವಟ್ಟುಗಳಲ್ಲಿ ಒಂದೆರಡು ಬರೆದ ಜೋಕಿಗಿಂತ ಚೆನ್ನಾಗಿದ್ದವು, ಹಾಗೇ ಇಟ್ಟುಕೊಂಡೆವು.

ನಡುವೆ ಸುಮ್ನೆ ಒಂದು ಪ್ರಯೋಗ. ಒಂದಿಡೀ ಸೀನನ್ನು ಸ್ಕ್ರೀನ್ ರೆಕಾರ್ಡಿಂಗ್‌ನಲ್ಲೇ ಮಾಡಿದೆ, ಮುಖವೇ ಇಲ್ಲ. ನನಗೆ ಭಾರಿ ಇಷ್ಟ. ಮೂರು ನಿಮಿಷಕ್ಕೆ ಜನ ತಮ್ಮ ಫೋನ್ ತೆಗೆದರು. ಈಗ ಉಳಿದಿರೋದು ನಲವತ್ತು ಸೆಕೆಂಡು. ಇನ್ನೊಂದು, ಸಬ್‌ಟೈಟಲ್ ತರಹ ಮೆಸೇಜ್ ತೋರಿಸುವುದಾದರೆ ಒತ್ತಕ್ಷರ ಸರಿ ಕೂತಿದೆಯಾ ನೋಡಿ, ಕೆಲವು ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಒಡೆದುಬಿಡುತ್ತವೆ. ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಪರದೆ ಮೇಲಿರಲಿ.

ಮೆಸೇಜ್ ಬರುವ ಮುಂಚೆ ಕುಣಿಯುವ ಮೂರು ಚುಕ್ಕಿ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಮಾಯವಾಗಬೇಕು ಅನ್ನೋದಕ್ಕೆ ಒಂದು ಲೆಕ್ಕ ಹಾಕಿಕೊಂಡಿದ್ದೇನೆ. ಅದು ಮುಂದಿನ ಸಿನಿಮಾಕ್ಕೆ ಬೇಕು, ಹೇಳಲ್ಲ. ಆ ಹೊತ್ತಲ್ಲಿ ಹಿನ್ನೆಲೆ ಸಂಗೀತ ಹಾಕಬೇಡಿ, ಅಷ್ಟು ಹೇಳಬಲ್ಲೆ. ಸಂಗೀತ ನಿರ್ದೇಶಕರು ಇನ್ನೂ ಮುನಿಸಿಕೊಂಡಿದ್ದಾರೆ.