ಊಹೆಯ ದಾರಿಯಲ್ಲಿ ಕಂಡದ್ದನ್ನು ಓದುವ ಬಗೆ

ಕಣ್ಣು ಮುಚ್ಚಿಸಿ ಒಂದು ದಾರಿಯನ್ನು ಊಹಿಸಿಕೊಳ್ಳಲು ಹೇಳಿ, ಆ ದಾರಿಯಲ್ಲಿ ಒಂದು ಪ್ರಾಣಿ, ಒಂದು ಮನೆ, ಸ್ವಲ್ಪ ನೀರು, ಕೊನೆಗೊಂದು ಬೇಲಿಯನ್ನು ಎದುರಿಗೆ ತಂದು, ಬಂದ ಉತ್ತರಗಳಿಂದ ಎದುರಿನವರ ಸ್ವಭಾವವನ್ನು ಹೇಳುವ ಆಟವನ್ನು ಶಿಬಿರಗಳಲ್ಲೋ ಮದುವೆಮನೆಯ ರಾತ್ರಿ ಹರಟೆಯಲ್ಲೋ ಹಲವರು ಆಡಿರುತ್ತಾರೆ. ಪ್ರಾಣಿಯೆಂದರೆ ಕಷ್ಟ, ಮನೆಯೆಂದರೆ ತಾನು, ನೀರೆಂದರೆ ಭಾವನೆ ಎಂಬ ಸಿದ್ಧ ಪಟ್ಟಿಯೊಂದು ಈ ಆಟದ ಬೆನ್ನಿಗಿರುತ್ತದೆ. ಆ ಪಟ್ಟಿಯನ್ನು ಬದಿಗಿಟ್ಟು ಆಡಿದರೆ ಮಾತ್ರ ಏನಾದರೂ ತಿಳಿದೀತೆಂಬುದು ನನ್ನ ಅಭಿಪ್ರಾಯ. ಕೊಡಗಿನಲ್ಲಿ ಆಡುವವರಂತೂ ಅದನ್ನು ಕೈಗೆತ್ತಿಕೊಳ್ಳಲೇಬಾರದು.

ನಾಲ್ಕೈದು ಜನ ಸಾಕು. ಎಲ್ಲರಿಗೂ ಕಾಗದ, ಪೆನ್ನು ಕೊಟ್ಟು, ದೃಶ್ಯವನ್ನು ಹೇಳುವವರು ವಿಶೇಷಣಗಳಿಲ್ಲದೆ ಹೇಳಬೇಕು. ‘ಕಾಫಿ ತೋಟದ ನಡುವಿನ ಕೆಸರು ದಾರಿ’ ಎಂದುಬಿಟ್ಟರೆ ಊಹೆಯ ಅರ್ಧ ಕೆಲಸವನ್ನು ನೀವೇ ಮಾಡಿದಂತಾಗುತ್ತದೆ. ‘ಒಂದು ದಾರಿ’ ಎಂದಷ್ಟೇ ಹೇಳಿ ಅರ್ಧ ನಿಮಿಷ ಸುಮ್ಮನಿರಿ. ಕಂಡದ್ದನ್ನು ಮೊದಲು ಬರೆಯಿಸಿ, ಆಮೇಲೆ ಓದಿಸಿ, ಏಕೆಂದರೆ ಮೊದಲು ಬಾಯಿಬಿಟ್ಟವರ ಆನೆ ಉಳಿದವರ ದಾರಿಗೂ ನುಗ್ಗುವುದು ಖಂಡಿತ. ಕೆಲವರಿಗೆ ಏನೂ ಕಾಣಿಸುವುದಿಲ್ಲ. ಮನಸ್ಸಿನಲ್ಲಿ ಚಿತ್ರವೇ ಮೂಡದ ಈ ಸ್ಥಿತಿಗೆ 2015ರಲ್ಲಿ ನರವಿಜ್ಞಾನಿ ಆಡಮ್ ಜೆಮನ್ ಮತ್ತು ಸಂಗಡಿಗರು ‘ಅಫ್ಯಾಂಟೇಸಿಯಾ’ ಎಂದು ಹೆಸರಿಟ್ಟರು. ಅಂಥವರನ್ನು ಕಲ್ಪನೆಯಿಲ್ಲದವರೆಂದು ಹಾಸ್ಯಮಾಡದೆ, ಕಥೆಯನ್ನು ಮಾತಿನಲ್ಲೇ ಮುಂದುವರಿಸಲು ಹೇಳಿ.

ಓದುವಾಗ ಏನು ಕಂಡಿತೆಂಬುದಕ್ಕಿಂತ, ಕಂಡ ಮೇಲೆ ಅವರು ಏನು ಮಾಡಿದರೆಂಬುದನ್ನು ಗಮನಿಸಿ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ 10 ಶಾಯಿಕಲೆಗಳ ಪರೀಕ್ಷೆಯಲ್ಲಿಯೂ, ಬಾವಲಿ ಕಂಡಿತೋ ಚಿಟ್ಟೆ ಕಂಡಿತೋ ಎಂಬುದಕ್ಕಿಂತ ಕಲೆಯ ಯಾವ ಭಾಗವನ್ನು ನೋಡಿದರು, ಆಕಾರ, ಬಣ್ಣ, ಚಲನೆಗಳಲ್ಲಿ ಯಾವುದು ಉತ್ತರವನ್ನು ಹುಟ್ಟಿಸಿತು ಎಂಬುದಕ್ಕೆ ಹೆಚ್ಚಿನ ಬೆಲೆಯಿತ್ತು. ಕೊಡಗಿನಲ್ಲಿ ಪ್ರಾಣಿಯೆಂದೊಡನೆ ಆನೆ ಬರುವುದು ಸಹಜ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗುವವರಿಗೆ ಅದು ಸಂಕೇತವಲ್ಲ, ದಿನನಿತ್ಯದ ಭಯ. ಒಬ್ಬರು ತಿರುಗಿ ಓಡುತ್ತಾರೆ, ಇನ್ನೊಬ್ಬರು ಮರದ ಮರೆಯಲ್ಲಿ ನಿಂತು ಅದು ದಾಟುವವರೆಗೆ ಕಾಯುತ್ತಾರೆ, ಮತ್ತೊಬ್ಬರು ಮೊದಲು ಹಿಂದೆ ಬರುವವರಿಗೆ ಫೋನ್ ಮಾಡುತ್ತಾರೆ. ವ್ಯತ್ಯಾಸ ಇರುವುದು ಅಲ್ಲಿ. ಆದರೂ ಕಾದು ನಿಂತವರು ಸ್ವಭಾವದಿಂದ ತಾಳ್ಮೆಯವರೋ ಅಥವಾ ಅನುಭವದಿಂದ ಹಾಗೆ ಕಲಿತವರೋ ಎಂಬುದನ್ನು ಅವರನ್ನೇ ಕೇಳಬೇಕು.

ಕೇಳುವ ರೀತಿಯಲ್ಲೇ ಈ ಆಟದ ಜಾಣ್ಮೆಯೆಲ್ಲ ಇದೆ. ಒಬ್ಬ ಯುವತಿ, ‘ಮನೆಯ ಮುಂಬಾಗಿಲು ತೆರೆದಿತ್ತು, ಆದರೂ ನಾನು ಸುತ್ತಿಕೊಂಡು ಹಿಂಬಾಗಿಲಿನಿಂದ ಒಳಗೆ ಹೋದೆ’ ಎಂದು ಬರೆದಳೆನ್ನಿ. ಪಟ್ಟಿ ಹಿಡಿದವರು ಕೂಡಲೇ ಅವಳನ್ನು ಸಂಕೋಚದವಳು, ಗುಟ್ಟಿನವಳು ಎಂದುಬಿಡುತ್ತಾರೆ. ‘ಏಕೆ ಹಾಗೆ?’ ಎಂದು ಕೇಳಿದರೆ ಅವಳೂ ಏನೋ ಒಂದು ಕಾರಣ ಕಟ್ಟಿ ಹೇಳಿಯಾಳು. ಅದರ ಬದಲು ‘ಅಂಥ ಮನೆಯನ್ನು ಎಲ್ಲಾದರೂ ನೋಡಿದ್ದೀಯೇನಮ್ಮ?’ ಎಂದು ಕೇಳಿ. ಅಜ್ಜಿಮನೆಯಲ್ಲಿ ಮಳೆಗಾಲದಲ್ಲಿ ತೋಟದಿಂದ ಬಂದವರು ಹಿಂಬದಿಯಲ್ಲೇ ಗಮ್‌ಬೂಟು ಕಳಚಿ, ಕಾಲಿಗೆ ಹತ್ತಿದ ಜಿಗಣೆಗಳನ್ನು ಉಪ್ಪು ಹಾಕಿ ಬಿಡಿಸಿಕೊಂಡು, ನೇರ ಒಲೆಯ ಮುಂದೆ ಕೂರುತ್ತಿದ್ದರೆಂದು ಅವಳು ಹೇಳಬಹುದು. ಆಗ ಹಿಂಬಾಗಿಲು ಅಡಗಿಕೊಳ್ಳುವ ಜಾಗವಾಗದೆ, ಮನೆಯವರಿಗೆ ಮಾತ್ರ ಸಲ್ಲುವ ಸಲಿಗೆಯ ಜಾಗವಾಗುತ್ತದೆ. ಊಹೆಯ ಮನೆಯಲ್ಲೂ ಅವಳು ಅತಿಥಿಯಾಗಿ ನಿಲ್ಲಲಿಲ್ಲ ಎಂಬಷ್ಟನ್ನು, ಅದೂ ಅವಳು ಒಪ್ಪಿದರೆ, ಬರೆದುಕೊಳ್ಳಬಹುದು.

ನೀರು ಮತ್ತು ಬೆಟ್ಟಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗಿ ತೀರ್ಥವನ್ನು ಮನೆಗೆ ತಂದಿಟ್ಟುಕೊಳ್ಳುವವರಿಗೆ ನೀರು ಮೊದಲು ತಾಯಿ; ಅವರ ತಿಳಿನೀರಿನಿಂದ ಮನಸ್ಸಿನ ಶಾಂತಿಯನ್ನು ಅಳೆಯಹೊರಟರೆ ಭಕ್ತಿಯನ್ನೇ ಸ್ವಭಾವವೆಂದು ಓದಿದಂತಾದೀತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದಾಗ ಮನೆ, ತೋಟ ಕಳೆದುಕೊಂಡವರು ಕೆಂಪು ನೀರನ್ನೋ ಜಾರುವ ಬೆಟ್ಟವನ್ನೋ ಕಂಡರೆ ಅದು ಆತಂಕದ ಸ್ವಭಾವವಲ್ಲ, ನೆನಪು. ಅಂಥವರಿರುವ ಗುಂಪಿನಲ್ಲಿ ನೀರಿನ ಪ್ರಶ್ನೆಯನ್ನೇ ಬಿಟ್ಟು, ಬಾವಿಕಟ್ಟೆಯ ಮೇಲಿಟ್ಟ ಒಂದು ಪಾತ್ರೆಯನ್ನೋ ಬೀಗದ ಕೈಯನ್ನೋ ಕೇಳುವುದು ಲೇಸು.

ನೀವು ಹೇಳಿದ ಅರ್ಥವನ್ನು ಕೇಳಿ ಎದುರಿನವರು ‘ಹೌದು, ನಾನು ಥೇಟ್ ಹೀಗೆಯೇ’ ಎಂದರೂ ಹಿಗ್ಗಬೇಡಿ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಬಳಿಕ ಎಲ್ಲರಿಗೂ ಒಂದೇ ವ್ಯಕ್ತಿಚಿತ್ರಣವನ್ನು ಅವರವರದೆಂದು ಹಂಚಿದರು. ಅದು ತಮಗೆ ಎಷ್ಟು ಹೊಂದುತ್ತದೆಂದು 5 ಅಂಕಗಳಿಗೆ ಅವರು ಕೊಟ್ಟ ಸರಾಸರಿ ಸುಮಾರು 4.3. ‘ಹೊರಗೆ ಗಟ್ಟಿ, ಒಳಗೆ ಮೃದು’ ಎಂಬಂಥ ಮಾತು ಯಾರಿಗೆ ತಾನೇ ಒಪ್ಪುವುದಿಲ್ಲ? ಆದ್ದರಿಂದ ನಿಮ್ಮ ಓದನ್ನು ಗುಂಪಿನ ಮತ್ತೊಬ್ಬರ ಹೆಸರಿಗೆ ಹಚ್ಚಿ ನೋಡಿ. ಅವರಿಗೂ ಅಷ್ಟೇ ಚೆನ್ನಾಗಿ ಹೊಂದಿದರೆ ಹೊಡೆದುಹಾಕಿ. ಹೀಗೆ ಸೋಸಿದ ಮೇಲೆ ಒಬ್ಬೊಬ್ಬರ ಬಗ್ಗೆ ಒಂದೆರಡು ವಾಕ್ಯ ಉಳಿದರೆ ಹೆಚ್ಚು.

ಹೆಣ್ಣು-ಗಂಡು ನೋಡುವಾಗಲೋ ಕೆಲಸಕ್ಕೆ ಆಳನ್ನು ಆರಿಸುವಾಗಲೋ ಈ ಆಟವನ್ನು ಬಳಸುವುದು ಅನ್ಯಾಯ. ತರಬೇತಿ ಪಡೆದವರ ಕೈಯಲ್ಲಿಯೂ ಇಂಥ ಪರೀಕ್ಷೆಗಳ ಹಲವು ತೀರ್ಮಾನಗಳು ವಿವಾದದಲ್ಲಿವೆ. ಮುಗಿದ ಮೇಲೆ ಕಾಗದಗಳನ್ನು ಬರೆದವರಿಗೇ ಹಿಂತಿರುಗಿಸಿ, ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಡುವೆ ಯಾರಾದರೂ ಅಳತೊಡಗಿದರೆ ಅರ್ಥ ಹೇಳುವ ಉತ್ಸಾಹವನ್ನು ಬಿಟ್ಟು, ಕಣ್ಣು ತೆರೆಯಲು ಹೇಳಿ, ಬಿಸಿ ಕಾಫಿ ಕೊಟ್ಟು ಜೊತೆಯಲ್ಲಿ ಕುಳಿತುಕೊಳ್ಳಿ. ದುಃಖ ಇಳಿಯದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416.