ಪರಿಚಯವೇ ಇಲ್ಲದ ಆಟಗಾರ ಸತ್ತಾಗ ಅಳುವುದು ಹೇಗೆ

ಮೊದಲು ಒಂದು ಪ್ರಶ್ನೆಯನ್ನು ಪಕ್ಕಕ್ಕಿಡಿ: "ಅವನು ನಿನಗೇನಾಗಬೇಕು?" ಮನೆಯವರು ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ, ನಿಮ್ಮ ಮನಸ್ಸೂ ಕೇಳುತ್ತದೆ. ಉತ್ತರ ಕೊಡಬೇಕಾಗಿಲ್ಲ. ವಾರಕ್ಕೊಂದು ಸಂಜೆ, ಮೂರು ಗಂಟೆಗಳ ಹೊತ್ತು, ನಿಮ್ಮ ಮನೆಯ ಟಿವಿಯಲ್ಲಿ ಇರುತ್ತಿದ್ದವನು ಅವನು. ಎಷ್ಟೋ ನೆಂಟರ ಮುಖವನ್ನು ನಾವು ಅಷ್ಟು ಹೊತ್ತು ನೋಡಿರುವುದಿಲ್ಲ.

ನಾನು ಹೇಳುತ್ತಿರುವುದು ಹೋಸೆ ಫರ್ನಾಂಡಿಸ್ ಬಗ್ಗೆ. ಅಮೆರಿಕದ ಮಯಾಮಿ ಮಾರ್ಲಿನ್ಸ್ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡೆಸೆಯುವವನು. 2016ರ ಸೆಪ್ಟೆಂಬರ್ 25ರ ಬೆಳಗಿನ ಜಾವ, ಮೂರರ ಸುಮಾರಿಗೆ, ಮಯಾಮಿ ಬೀಚ್ ಹತ್ತಿರ ಅವನ ದೋಣಿ ಕಲ್ಲಿನ ಒಡ್ಡಿಗೆ ಹೊಡೆದು ಮಗುಚಿತು. ಅವನಿಗೆ 24 ವರ್ಷ. ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲ್ ಹಿಡಿಸಿದ್ದೇ ಅವನು. ಮಯಾಮಿ ಹತ್ತಿರದ ನಮ್ಮ ಮನೆಯಲ್ಲಿ, ಆಗ ಪ್ರೈಮರಿ ಸ್ಕೂಲಿನಲ್ಲಿದ್ದ ನನ್ನ ಮಗ ಬೆನ್ನ ಮೇಲೆ 16 ಅಂತ ಬರೆದಿದ್ದ ಜರ್ಸಿ ಹಾಕಿಕೊಂಡೇ ಮಲಗುತ್ತಿದ್ದ. ಹಾಗಾಗಿ ಇಲ್ಲಿರುವುದು ಪುಸ್ತಕದ ಬುದ್ಧಿವಾದ ಅಲ್ಲ. ನಮ್ಮ ಮನೆಯಲ್ಲಿ ನಡೆದದ್ದು, ಕೆಲಸಕ್ಕೆ ಬಂದದ್ದು.

ಸುದ್ದಿ ಬಂದ ಗಂಟೆಗಳಲ್ಲಿ ಫೋನ್ ಕೆಳಗಿಡಿ. ಸಾವು ಖಚಿತ ಅಂತ ಗೊತ್ತಾದ ಮೇಲೆ ಅದರಲ್ಲಿ ನಿಮಗೆ ಬೇಕಾದ್ದು ಏನೂ ಇರುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಆ ಹೊತ್ತಿನಲ್ಲಿ ಜಾಸ್ತಿ. ದೋಣಿ ಓಡಿಸುತ್ತಿದ್ದವರು ಯಾರು, ಕುಡಿದಿದ್ದರಾ, ಎಲ್ಲಿಂದ ಬರುತ್ತಿದ್ದರು ಅಂತ ಬೆಳಗಿನ ಕಾಫಿಯ ಹೊತ್ತಿಗೇ ಎಲ್ಲರೂ ತೀರ್ಮಾನ ಮಾಡಿ ಆಗಿತ್ತು. ತನಿಖೆ ಮುಗಿಯಲು ತಿಂಗಳುಗಳೇ ಹಿಡಿದವು.

ಮನೆಯಲ್ಲಿ ಮಕ್ಕಳಿದ್ದರೆ ನೀವೇ ಹೇಳಿ. ಅವರು ಸ್ಕೂಲ್ ಬಸ್ಸಿನಲ್ಲಿ ಕೇಳಿ ತಿಳಿಯುವಂತಾಗಬಾರದು. "ಹೋಗಿಬಿಟ್ಟ", "ದೇವರ ಹತ್ತಿರ ಇದ್ದಾನೆ" ಅಂತ ಶುರು ಮಾಡಬೇಡಿ. "ಸತ್ತುಹೋದ" ಅಂತಲೇ ಹೇಳಿ. ನಾನು ಹಾಗೆ ಹೇಳಿದ್ದಕ್ಕೆ ಮಗ ಕೇಳಿದ ಮೊದಲ ಪ್ರಶ್ನೆ: "ಹಾಗಾದರೆ ನಾಳೆ ಯಾರು ಪಿಚ್ ಮಾಡುತ್ತಾರೆ?" ನಗು ಬರುವಂಥ ಪ್ರಶ್ನೆ ಅಲ್ಲ. ಹೋಸೆ ಆ ಭಾನುವಾರ ಪಿಚ್ ಮಾಡಬೇಕಿತ್ತು, ಅದನ್ನು ಸೋಮವಾರಕ್ಕೆ ಹಾಕಿದ್ದರು. ಮಗು ಟೈಮ್‌ಟೇಬಲ್ ಇಟ್ಟುಕೊಂಡೇ ದುಃಖಪಡುತ್ತದೆ. ಅದಕ್ಕೆ ಅದೇ ಭಾಷೆಯಲ್ಲಿ ಉತ್ತರ ಕೊಡಿ.

ಮತ್ತೆ, ಸತ್ತದ್ದು ಮೂರು ಜನ ಅಂತ ಹೇಳಿ. ದೋಣಿಯಲ್ಲಿ ಇನ್ನಿಬ್ಬರು ಹುಡುಗರಿದ್ದರು. ಅವರ ಹೆಸರಿನ ಜರ್ಸಿ ಯಾವ ಅಂಗಡಿಯಲ್ಲೂ ಇರಲಿಲ್ಲ. ನೀವು ದೀಪ ಹಚ್ಚುವವರಾದರೆ ಮೂರು ಹಚ್ಚಿ. ಇದು ಸಣ್ಣ ವಿಷಯ ಅನ್ನಿಸಬಹುದು. ಮುಂದೆ ಕಷ್ಟದ ಭಾಗ ಬಂದಾಗ ಇದೇ ಕೈ ಹಿಡಿಯುತ್ತದೆ.

ಆಮೇಲೆ ಜನ ಇರುವ ಕಡೆ ಹೋಗಿ. ಭಾನುವಾರದ ಆಟ ರದ್ದಾಯಿತು. ಸೋಮವಾರ, 26ರಂದು, ನ್ಯೂಯಾರ್ಕ್ ಮೆಟ್ಸ್ ಜೊತೆ ಆಟ ನಡೆಯಿತು. ಮಾರ್ಲಿನ್ಸ್‌ನ ಪ್ರತಿ ಆಟಗಾರನ ಬೆನ್ನ ಮೇಲೂ ಫರ್ನಾಂಡಿಸ್, 16. ಆ ಆಟ ಶುರುವಾದ ರೀತಿಯನ್ನು ನಿಧಾನವಾಗಿ ಹೇಳಬೇಕು. ಮಾರ್ಲಿನ್ಸ್ ಪರ ಮೊದಲು ಬ್ಯಾಟಿಗೆ ಬಂದವನು ಡೀ ಗಾರ್ಡನ್. ಅವನು ಎಡಗೈ ಬ್ಯಾಟರ್. ಆವತ್ತು ಬಲಗೈಯವರು ನಿಲ್ಲುವ ಜಾಗಕ್ಕೆ ಹೋಗಿ, ಹೋಸೆ ನಿಲ್ಲುತ್ತಿದ್ದ ಹಾಗೆಯೇ ನಿಂತ. ಒಂದು ಚೆಂಡನ್ನು ಸುಮ್ಮನೆ ಬಿಟ್ಟ. ಆಮೇಲೆ ಈಚೆ ದಾಟಿ ತನ್ನ ಜಾಗಕ್ಕೆ ಬಂದ. ಎರಡನೆಯದನ್ನೂ ಬಿಟ್ಟ. ಮೂರನೆಯದನ್ನು ಹೊಡೆದ. ಚೆಂಡು ಬಲಗಡೆಯ ಮೇಲಿನ ಸ್ಟ್ಯಾಂಡಿಗೆ ಹೋಗಿ ಬಿತ್ತು. ಸಪೂರ ಆಳು, ಓಟಕ್ಕೆ ಹೆಸರಾದವನು. ಆ ವರ್ಷ ಅಲ್ಲಿಯವರೆಗೆ ಒಂದೂ ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರದ್ದು, ಹೊಡೆದಿರಲಿಲ್ಲ. ಅಳುತ್ತಾ ನಾಲ್ಕೂ ಬೇಸ್ ಸುತ್ತಿ ಬಂದು ಜೊತೆಗಾರರನ್ನು ತಬ್ಬಿಕೊಂಡ. ಚೆಂಡು ಹಾಕಿದ್ದ ಮೆಟ್ಸ್ ಪಿಚರ್, 43 ವರ್ಷದ ಬಾರ್ತೊಲೊ ಕೊಲೊನ್ ತನ್ನ ಪಾಡಿಗೆ ಮುಂದಿನ ಚೆಂಡಿಗೆ ಸಿದ್ಧನಾದ. ಮಾರ್ಲಿನ್ಸ್ 7-3ರಿಂದ ಗೆದ್ದರು. ಕೊನೆಗೆ ಎಲ್ಲರೂ ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಸುತ್ತ ನಿಂತು, ತಮ್ಮ ಟೋಪಿಗಳನ್ನು ಅಲ್ಲೇ ಬಿಟ್ಟು ಹೋದರು.

ಇದನ್ನು ಒಬ್ಬರೇ ನೋಡಬೇಡಿ. ಪಕ್ಕದಲ್ಲಿ ಯಾರಾದರೂ ಇರಲಿ, ಆಟ ಗೊತ್ತಿಲ್ಲದವರಾದರೂ ಸರಿ.

ಅಂತಿಮ ಮೆರವಣಿಗೆ ಬುಧವಾರ ನಡೆಯಿತು. ಶವದ ಗಾಡಿ ತಂಡದ ಮೈದಾನವಾದ ಮಾರ್ಲಿನ್ಸ್ ಪಾರ್ಕ್‌ನಿಂದ ಹೊರಡಲು ಗೊತ್ತುಮಾಡಿದ್ದ ಸಮಯ ಮಧ್ಯಾಹ್ನ 2:16, ಅವನ ನಂಬರಿಗಾಗಿ. ಅಲ್ಲಿಂದ ಕ್ಯೂಬಾದವರ ಪಾಲಿಗೆ ಬಹಳ ಮುಖ್ಯವಾದ ಎರ್ಮಿಟಾ ದೆ ಲಾ ಕಾರಿದಾದ್ ಗುಡಿಗೆ, ಆಮೇಲೆ ಸೇಂಟ್ ಬ್ರೆಂಡನ್ ಚರ್ಚಿಗೆ. ಇಂಥ ಕಡೆ ಹೋಗುವುದಾದರೆ ಕೆಲವು ಮಾತು. ನೀರಿನ ಬಾಟಲಿ ಇಟ್ಟುಕೊಳ್ಳಿ, ಫ್ಲಾರಿಡಾ ಬಿಸಿಲು ದುಃಖ ನೋಡುವುದಿಲ್ಲ. ಸಾಲಿನಲ್ಲಿ ಮುಂದಿರುವವರ ಜೊತೆ ಮಾತು ಶುರುವಾದರೆ ಆಗಲಿ. ಮನೆಯವರು ಕಂಡರೆ ಕೈ ಮುಗಿದು ಮುಂದೆ ಹೋಗಿ. ನಿಮ್ಮ ಕಥೆ ಹೇಳಲು ಅದು ಜಾಗ ಅಲ್ಲ. ಫೋಟೋ ತೆಗೆಯಬೇಡಿ.

ನಮ್ಮ ಪಕ್ಕದ ಮನೆಯ ಕ್ಯೂಬಾದ ಅಜ್ಜಿಗೆ ಬೇಸ್‌ಬಾಲ್ ಲೆಕ್ಕಾಚಾರ ಏನೂ ಬರದು. ಆದರೂ ಆಕೆ ನನಗಿಂತ ಜಾಸ್ತಿ ಅತ್ತರು. ಹೋಸೆ ಹುಟ್ಟಿದ್ದು ಕ್ಯೂಬಾದ ಸಾಂತಾ ಕ್ಲಾರಾದಲ್ಲಿ. ದೇಶ ಬಿಟ್ಟು ಓಡಲು ಹೋಗಿ ಮೂರು ಸಲ ಸಿಕ್ಕಿಬಿದ್ದ, ಹುಡುಗನಾಗಿದ್ದಾಗಲೇ ಜೈಲು ಕಂಡ. 2008ರಲ್ಲಿ ನಾಲ್ಕನೇ ಸಲ ದೋಣಿ ಹತ್ತಿದಾಗ 15 ವರ್ಷ. ಕತ್ತಲಲ್ಲಿ ಯಾರೋ ನೀರಿಗೆ ಬಿದ್ದರು, ಇವನು ಹಾರಿದ. ಹತ್ತಿರ ಹೋದ ಮೇಲೆ ಗೊತ್ತಾಯಿತು, ಬಿದ್ದದ್ದು ತನ್ನ ತಾಯಿ. ಅಜ್ಜಿಗೆ ಸತ್ತವನು ಪಿಚರ್ ಅಲ್ಲ, ಆ ಹುಡುಗ. ಒಂದೇ ಸಾವಿಗೆ ಬೇರೆ ಬೇರೆಯವರು ಬೇರೆ ಬೇರೆ ಕಾರಣಕ್ಕೆ ಅಳುತ್ತಾರೆ. ನಿಮ್ಮ ಕಾರಣವನ್ನು ಅವರಿಗೆ ಹೇರಬೇಡಿ.

ಅಂದ ಹಾಗೆ ಇಲ್ಲೊಂದು ಬಲೆ ಇದೆ. "ಸಮುದ್ರ ಅವನನ್ನು ಕೊಟ್ಟಿತು, ಸಮುದ್ರವೇ ಕಿತ್ತುಕೊಂಡಿತು" ಅಂತ ಆ ವಾರ ಎಷ್ಟು ಜನ ಬರೆದರೋ ಲೆಕ್ಕವಿಲ್ಲ. ಕೇಳಲು ಚೆಂದ. ನೀವು ಬರೆಯಬೇಡಿ. ಸಮುದ್ರ ಏನೂ ಮಾಡಲಿಲ್ಲ. ದೋಣಿ ಕಲ್ಲಿಗೆ ಹೊಡೆಯಿತು, ಅಷ್ಟೇ. ವಿಧಿಯ ಮೇಲೆ ಹಾಕಿಬಿಟ್ಟರೆ ಮುಂದೆ ಬರುವ ಸತ್ಯವನ್ನು ನುಂಗಲು ಆಗುವುದಿಲ್ಲ.

ಆ ಸತ್ಯ ಎರಡು ಕಂತಿನಲ್ಲಿ ಬಂತು. ಅಕ್ಟೋಬರ್ ಕೊನೆಗೆ ಶವಪರೀಕ್ಷೆಯ ವರದಿ: ರಕ್ತದಲ್ಲಿ ಆಲ್ಕೋಹಾಲ್ 0.147. ಫ್ಲಾರಿಡಾದಲ್ಲಿ ದೋಣಿ ಓಡಿಸುವವರಿಗೆ ಮಿತಿ 0.08. ಜೊತೆಗೆ ಕೊಕೇನ್. 2017ರ ಮಾರ್ಚ್‌ನಲ್ಲಿ ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ತನಿಖಾ ವರದಿ: ದೋಣಿ ಓಡಿಸುತ್ತಿದ್ದವನು ಹೋಸೆಯೇ, ಹೊಡೆದಾಗ ವೇಗ ಗಂಟೆಗೆ 65 ಮೈಲಿಗೂ ಹೆಚ್ಚು. ಅವನ ಮನೆಯವರ ಪರವಾಗಿದ್ದ ವಕೀಲರು ಇದನ್ನು ಒಪ್ಪಲಿಲ್ಲ. ನಾನು ವರದಿಯನ್ನು ನಂಬುತ್ತೇನೆ.

2014ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಫಿಲಿಪ್ ಹ್ಯೂಸ್ ಬ್ಯಾಟ್ ಮಾಡುವಾಗ ಚೆಂಡು ತಗುಲಿ ಸತ್ತಾಗ ನಾವೆಲ್ಲ ಬಾಗಿಲ ಹೊರಗೆ ಬ್ಯಾಟ್ ಇಟ್ಟೆವು, ನೆನಪಿದೆ ಅಲ್ವಾ? 63 ನಾಟ್ ಔಟ್. ಅಲ್ಲಿ ಯಾರ ತಪ್ಪೂ ಇರಲಿಲ್ಲ. ಅಳುವುದಕ್ಕೆ ಅಡ್ಡ ಬರುವುದು ಏನೂ ಇರಲಿಲ್ಲ. ಹೋಸೆಗೆ ಅಳುವುದು ಹಾಗಲ್ಲ. ವರದಿ ಬಂದ ದಿನ ಅರ್ಧ ಜನ "ಇದನ್ನೆಲ್ಲ ಈಗ ಯಾಕೆ ಕೆದಕುತ್ತೀರಿ" ಅಂದರು. ಉಳಿದ ಅರ್ಧ ಜನ "ಇಂಥವನಿಗಾ ಅತ್ತದ್ದು" ಅಂದರು. ಎರಡೂ ಗುಂಪಿಗೆ ಸೇರಬೇಡಿ. ವರದಿಯನ್ನು ಓದಿ. ತಲೆಬರಹ ಮಾತ್ರ ಓದಿದರೆ ಸಾಲದು. ಓದಿ ಮುಗಿಸಿ ಸಿಟ್ಟು ಬಂದರೆ ಸಿಟ್ಟಾಗಿ. ಅವನ ಮೇಲೆಯೇ ಸಿಟ್ಟಾಗಿ. ಆ ಇನ್ನಿಬ್ಬರ ತಾಯಂದಿರನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಅದೇ ರಾತ್ರಿ ಅವನ ಆಟದ ತುಣುಕು ಕಣ್ಣಿಗೆ ಬಿದ್ದರೆ ಅಳುವೂ ಬರುತ್ತದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಯಾವುದಾದರೂ ಒಂದನ್ನು ಆರಿಸಿಕೊಳ್ಳಲೇಬೇಕು ಅಂತ ನಿಮಗೆ ಹೇಳಿದವರು ಯಾರು?

ಮಗನಿಗೆ ಆಗ ಪೂರ್ತಿ ಹೇಳಲಿಲ್ಲ. "ಕುಡಿದು ಜೋರಾಗಿ ಓಡಿಸಿದ, ಅದರಿಂದ ಮೂವರು ಸತ್ತರು" ಅಂದೆ. ಉಳಿದದ್ದನ್ನು ದೊಡ್ಡವನಾದಾಗ ಅವನೇ ಓದಿದ. ಜರ್ಸಿ ಹಾಕಬಹುದಾ ಅಂತ ಕೇಳಿದ್ದಕ್ಕೆ ಹಾಕು ಅಂದೆ.

ಇನ್ನು ಅವನ ಆಟ. ಯೂಟ್ಯೂಬಿನಲ್ಲಿ ಪಿಯಾನೋ ಸಂಗೀತ ಹಾಕಿದ ಮೂರು ನಿಮಿಷದ ವಿಡಿಯೋಗಳು ಬೇಕಾದಷ್ಟಿವೆ. ನೋಡಬೇಡಿ. ಪೂರ್ತಿ ಆಟ ಒಂದನ್ನು ಹುಡುಕಿ ನೋಡಿ. ನನ್ನ ಆಯ್ಕೆ 2016ರ ಸೆಪ್ಟೆಂಬರ್ 20, ವಾಷಿಂಗ್ಟನ್ ನ್ಯಾಷನಲ್ಸ್ ವಿರುದ್ಧ. ಅವನ ಕೊನೆಯ ಆಟ. ಎಂಟು ಇನ್ನಿಂಗ್ಸ್, ಬರೀ ಮೂರು ಹಿಟ್, 12 ಜನ ಸ್ಟ್ರೈಕ್ ಔಟ್, ಅಂದರೆ ಚೆಂಡಿಗೆ ಸರಿಯಾಗಿ ಬ್ಯಾಟ್ ತಗುಲಿಸಲಾಗದೆ ವಾಪಸ್ ಹೋದವರು. ಮಾರ್ಲಿನ್ಸ್ 1-0ಯಿಂದ ಗೆದ್ದರು. ಆ ಬಾಗುವ ಚೆಂಡನ್ನು ಗಮನಿಸಿ. ದೇಶ ಬಿಟ್ಟು ಓಡಿ ಬಂದವನು ಅನ್ನುವ ಅರ್ಥದ "ಡಿಫೆಕ್ಟರ್" ಅನ್ನುವ ಅಡ್ಡಹೆಸರು ಅದಕ್ಕೆ. ಬ್ಯಾಟರ್‌ನ ಸೊಂಟದ ಕಡೆ ಬರುವ ಹಾಗೆ ಕಾಣುತ್ತದೆ. ಅವನು ಹಿಂದೆ ಸರಿಯುವಷ್ಟರಲ್ಲಿ, ಅವನ ಮುಂದೆ ನೆಲದಲ್ಲಿರುವ ಪ್ಲೇಟಿನ ಆಚೆ ಬದಿಯಲ್ಲಿ ಇರುತ್ತದೆ. ಮಯಾಮಿಯ ಆ ಮೈದಾನದಲ್ಲಿ ಅವನು ಗೆದ್ದದ್ದು 29, ಸೋತದ್ದು 2. ಎಲ್ಲಾ ಸೇರಿ 589 ಸ್ಟ್ರೈಕ್ ಔಟ್. ಮಧ್ಯದಲ್ಲಿ 2014ರಲ್ಲಿ ಮೊಣಕೈ ಆಪರೇಷನ್ ಆಗಿ ವರ್ಷಕ್ಕೂ ಮೇಲೆ ಆಡಿರಲಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ.

ಆಟದ ನಡುವಿನ ಖಾಲಿ ಹೊತ್ತನ್ನೂ ಬಿಡಬೇಡಿ. ಹೈಲೈಟ್ಸ್‌ನಲ್ಲಿ ಅದು ಸಿಗುವುದಿಲ್ಲ. ತಾನು ಪಿಚ್ ಮಾಡದ ದಿನ ಅವನು ಬೇಲಿಗೆ ಒರಗಿ ಎದುರಾಳಿಗಳ ಜೊತೆಗೂ ಹರಟುತ್ತಿದ್ದ. ತನ್ನವರು ಹೋಮ್ ರನ್ ಹೊಡೆದರೆ ಮಕ್ಕಳ ಹಾಗೆ ಕುಣಿಯುತ್ತಿದ್ದ. ಒಮ್ಮೆ ತಾನು ಪಿಚ್ ಮಾಡುವಾಗ, ಎದುರಾಳಿ ಟ್ರಾಯ್ ಟುಲೊವಿಟ್ಸ್ಕಿ ಬಲವಾಗಿ ಹೊಡೆದ ಚೆಂಡನ್ನು ಪಟ್ಟಂತ ಹಿಡಿದುಬಿಟ್ಟಾಗ, ಹೊಡೆದವನು "ನಿಜವಾಗಲೂ ಹಿಡಿದೆಯಾ?" ಅನ್ನುತ್ತಾನೆ, ಇವನು "ಹಿಡಿದೆ" ಅಂತ ನಗುತ್ತಾನೆ. ನನಗೆ ಅವನು ಬೇಕಾಗಿದ್ದದ್ದು ಈ ನಗುವಿಗೆ.

ವಸ್ತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸತ್ತ ವಾರ ಅವನ ಕಾರ್ಡು, ಸಹಿ ಮಾಡಿದ ಚೆಂಡು ಕೊಳ್ಳಬೇಡಿ. ಆ ವಾರ ಮಾರುವವರಿಗೆ ನಿಮ್ಮ ಕಣ್ಣೀರೇ ಬಂಡವಾಳ. ಅವನು ಸಾಯುವಾಗ ಗೆಳತಿ ಗರ್ಭಿಣಿ, ಹೆಣ್ಣು ಮಗು ಹುಟ್ಟಿದ್ದು ಮುಂದಿನ ಫೆಬ್ರವರಿಯಲ್ಲಿ. ಆ ಮಗುವಿನ ಫೋಟೋ ಹುಡುಕಬೇಡಿ, ಹಂಚಬೇಡಿ. ನಾಳೆ ಆಕೆಯೂ ಇಂಟರ್‌ನೆಟ್ ಓದುತ್ತಾಳೆ. ಅಪ್ಪನ ಬಗ್ಗೆ ಏನಾದರೂ ಬರೆಯುವ ಮುಂಚೆ ಇದೊಂದು ನೆನಪಿರಲಿ.

ಪ್ರತಿ ಸೆಪ್ಟೆಂಬರ್ 25ಕ್ಕೆ ಏನಾದರೂ ಮಾಡಲೇಬೇಕು ಅಂತಿಲ್ಲ. ಕೆಲವು ವರ್ಷ ನಾವು ಆಟ ಹಾಕಿಕೊಂಡು ನೋಡಿದ್ದೇವೆ, ಕೆಲವು ವರ್ಷ ತಾರೀಖೇ ನೆನಪಾಗಿಲ್ಲ. ಮರೆತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಆದರೆ ನಮ್ಮ ಮನೆಯಲ್ಲಿ ಒಂದು ನಿಯಮ ಮಾತ್ರ ಉಳಿದುಕೊಂಡಿದೆ. ಇದು ದಕ್ಷಿಣ ಫ್ಲಾರಿಡಾ. ಹೈಸ್ಕೂಲ್ ಹುಡುಗರ ಗೆಳೆಯರಲ್ಲಿ ಯಾರದಾದರೂ ಮನೆಯಲ್ಲಿ ದೋಣಿ ಇದ್ದೇ ಇರುತ್ತದೆ. ಮಗನನ್ನು ಯಾರಾದರೂ ಕರೆದರೆ ನಾನು ಕೇಳುತ್ತೇನೆ: ಓಡಿಸುವವರು ಯಾರು, ಅವರು ಕುಡಿಯುತ್ತಾರಾ, ಕತ್ತಲಾಗುವ ಮುಂಚೆ ವಾಪಸ್ ಬರುತ್ತೀರಾ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ. ಮಗನನ್ನು ಕೇಳಿದರೆ ಸಾಲದು, ಆ ಮನೆಯವರಿಗೇ ಫೋನ್ ಮಾಡಿ ಕೇಳುತ್ತೇನೆ. ಉತ್ತರ ಸರಿ ಬರದಿದ್ದರೆ ಹೋಗುವ ಹಾಗಿಲ್ಲ. ಅವನು ಮುಖ ಊದಿಸಿಕೊಂಡು ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಹಾಕಿಕೊಳ್ಳಲಿ.